ವಿಂಚೆಸ್ಟರ್ ಮನೆ ಟೂರ್: ದೆವ್ವದ ಕಥೆ ಎಷ್ಟು, ಸಾರಾ ಕಥೆ ಎಷ್ಟು?

ಕ್ಯುಪರ್ಟಿನೋ ಕನ್ನಡತಿ

ಊರಿನಿಂದ ಅಪ್ಪ ಅಮ್ಮ, ಅತ್ತೆ ಮಾವ ಬರುವ ಕಾಲ ಇದು. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ವಿಂಚೆಸ್ಟರ್ ಮನೆಗೆ ಹೋಗಬಹುದಾ, ಅಲ್ಲಿ ನಿಜವಾಗಿ ದೆವ್ವ ಇದೆಯಾ ಅಂತ ಇಲ್ಲಿ ಪದೇ ಪದೇ ಪ್ರಶ್ನೆ ಬರುತ್ತದೆ. ನೆಂಟರು ಬಂದಾಗಲೆಲ್ಲ ನಾನು ಆ ಟೂರ್‌ಗೆ ಹೋಗಿದ್ದೇನೆ. ಆ ಮನೆ ಕಟ್ಟಿಸಿದ ಸಾರಾ ವಿಂಚೆಸ್ಟರ್ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಎಲ್ಲವನ್ನೂ ಒಂದೇ ಕಡೆ ಬರೆಯೋಣ ಅನ್ನಿಸಿತು.

ಮೊದಲು, ಎಲ್ಲರೂ ಕೇಳಿರುವ ಕಥೆ. ಸಾರಾ ವಿಂಚೆಸ್ಟರ್ ಬಂದೂಕು ಕಂಪನಿಯ ಮನೆತನದ ಸೊಸೆ. 1866ರಲ್ಲಿ ಹುಟ್ಟಿದ ಮಗಳು ಆನಿ ಆರು ವಾರ ಕೂಡ ಬದುಕಲಿಲ್ಲ. 1881ರಲ್ಲಿ ಗಂಡ ವಿಲಿಯಂ ಕ್ಷಯದಿಂದ ತೀರಿಕೊಂಡ. ಬಾಸ್ಟನ್‌ನಲ್ಲಿ ಸತ್ತವರ ಜೊತೆ ಮಾತಾಡುವವನೊಬ್ಬ ಇದ್ದನಂತೆ. ನಿಮ್ಮ ಬಂದೂಕಿನಿಂದ ಸತ್ತವರೆಲ್ಲ ನಿಮ್ಮ ಬೆನ್ನು ಹತ್ತಿದ್ದಾರೆ, ಪಶ್ಚಿಮಕ್ಕೆ ಹೋಗಿ ಅವರಿಗೊಂದು ಮನೆ ಕಟ್ಟಿ, ಕೆಲಸ ನಿಲ್ಲಿಸಿದ ದಿನ ನೀವೂ ಇರುವುದಿಲ್ಲ ಅಂದನಂತೆ. ಅದಕ್ಕೇ ಆಕೆ ಹಗಲು ರಾತ್ರಿ ಕಟ್ಟಿಸುತ್ತಲೇ ಇದ್ದಳಂತೆ. ದೆವ್ವಗಳಿಗೆ ದಾರಿ ತಪ್ಪಲಿ ಅಂತ ಛಾವಣಿಗೆ ಹೋಗಿ ಮುಟ್ಟುವ ಮೆಟ್ಟಿಲು, ಹೊರಗೆ ಬಯಲಿಗೆ ತೆರೆಯುವ ಬಾಗಿಲು ಮಾಡಿಸಿದಳಂತೆ.

ಇಷ್ಟೆಲ್ಲ 'ಅಂತೆ'ಗಳ ಪಕ್ಕದಲ್ಲಿ ಖಚಿತವಾಗಿ ಗೊತ್ತಿರುವುದನ್ನು ಇಡುತ್ತೇನೆ. 1886ರಲ್ಲಿ ಆಕೆ ಇನ್ನೂ ಪೂರ್ತಿಯಾಗದ ಒಂದು ತೋಟದ ಮನೆಯನ್ನು ಕೊಂಡಳು. ಅದನ್ನು ಬೆಳೆಸುತ್ತ ಹೋದಳು. 1922ರ ಸೆಪ್ಟೆಂಬರ್ 5ರಂದು ತೀರಿಕೊಂಡಾಗ ಮನೆಯಲ್ಲಿ ಸುಮಾರು 160 ಕೋಣೆ, 2,000 ಬಾಗಿಲು, 47 ಮೆಟ್ಟಿಲುಸಾಲು, 6 ಅಡುಗೆಮನೆ ಇದ್ದವು.

ಟೂರ್‌ನಲ್ಲಿ ನಾನು ಜಾಸ್ತಿ ಹೊತ್ತು ನಿಲ್ಲುವುದು ಒಂದು ಮೆಟ್ಟಿಲಿನ ಹತ್ತಿರ. ಅದರಲ್ಲಿ 44 ಮೆಟ್ಟಿಲುಗಳಿವೆ, ಏಳು ತಿರುವುಗಳಿವೆ. ಅಷ್ಟೂ ಹತ್ತಿದರೆ ಮೇಲೇರುವುದು ಬರೀ 9 ಅಡಿ. ಒಂದೊಂದು ಮೆಟ್ಟಿಲಿನ ಎತ್ತರ ಎರಡು ಇಂಚು ಚಿಲ್ಲರೆ. ಇದನ್ನು ನೋಡಿ ಹುಚ್ಚು ಅಂತ ನಗುವವರಿದ್ದಾರೆ. ಸಾರಾಗೆ ಸಂಧಿವಾತ ಇತ್ತು. ಕಾಲು ಎತ್ತಿ ಇಡಲು ಆಗುತ್ತಿರಲಿಲ್ಲ. ಮಂಡಿನೋವಿನ ಅಮ್ಮನನ್ನು ಕೈ ಹಿಡಿದು ನಡೆಸಿದವರಿಗೆ ಆ ಮೆಟ್ಟಿಲು ಯಾಕೆ ಹಾಗಿದೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ನೋವಿದ್ದ ಹೆಂಗಸು ತನ್ನ ನೋವಿಗೆ ತಕ್ಕ ಮನೆ ಕಟ್ಟಿಕೊಂಡಳು. ಅದನ್ನು ದೆವ್ವದ ಲೆಕ್ಕಕ್ಕೆ ಬರೆದದ್ದು ನನಗೆ ತುಂಬಾ ಬೇಜಾರಿನ ವಿಷಯ.

ಹೋಗಿ ಬಂದವರು ನಿಮ್ಮ ಅನುಭವ ಬರೆಯಿರಿ.

ಮಂಡ್ಯದ ಹುಡುಗ

ಅಕ್ಕ, ಚೆನ್ನಾಗಿ ಬರೆದಿದ್ದೀರಿ. ಆದರೆ ಬಾಸ್ಟನ್ ಕಥೆ ಪೂರ್ತಿ ಸುಳ್ಳಾ? ನಮಗೆ ಸಿಕ್ಕ ಗೈಡ್ ಅದನ್ನು ಎಷ್ಟು ನಂಬಿಕೆಯಿಂದ ಹೇಳಿದಳು ಅಂದರೆ ನನ್ನ ಹೆಂಡತಿಗೆ ಕಣ್ಣಲ್ಲಿ ನೀರು ಬಂತು. ಜೊತೆಗೆ ಅಲ್ಲಿನವರು ಅಪಶಕುನ ಅನ್ನುವ 13ರ ಲೆಕ್ಕ ಬೇರೆ. 13 ಬಚ್ಚಲುಮನೆ, ಸಿಂಕ್‌ನಲ್ಲಿ 13 ತೂತು, ಉಯಿಲಿನಲ್ಲಿ 13 ಭಾಗ. ಇಷ್ಟೊಂದು ಸುಮ್ನೆ ಬರುತ್ತದಾ?

ಕ್ಯುಪರ್ಟಿನೋ ಕನ್ನಡತಿ

ಬಾಸ್ಟನ್ ಭೇಟಿಗೆ ಆಕೆಯ ಪತ್ರಗಳಲ್ಲಾಗಲಿ, ಆ ಕಾಲದ ದಾಖಲೆಗಳಲ್ಲಾಗಲಿ ಆಧಾರ ಸಿಕ್ಕಿಲ್ಲ. ಆಕೆಯ ಜೀವನದ ಬಗ್ಗೆ ಸಂಶೋಧನೆ ಮಾಡಿದವರು ಹುಡುಕಿದ್ದಾರೆ. ಹಗಲು ರಾತ್ರಿ ನಿಲ್ಲದ ಕೆಲಸ ಅನ್ನುವುದಕ್ಕಂತೂ ಆಕೆಯದೇ ಉತ್ತರ ಇದೆ. ಸುಸ್ತು ತಡೆಯಲಾಗದೆ ಕೆಲಸದವರನ್ನೆಲ್ಲ ಕಳಿಸಿ ಚಳಿಗಾಲಪೂರ್ತಿ ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದೇನೆ ಅಂತ 1898ರಲ್ಲಿ ನಾದಿನಿಗೆ ಕಾಗದ ಬರೆದಿದ್ದಾಳೆ. ಕೆಲಸ ನಿಲ್ಲಿಸಿದರೆ ಸಾಯುತ್ತೇನೆ ಅಂತ ನಂಬಿದವರು ಹೀಗೆ ಬರೆಯುತ್ತಾರಾ?

ವದಂತಿ ಮಾತ್ರ ಹಳೆಯದು. ಆಕೆ ಬದುಕಿದ್ದಾಗಲೇ, 1895ರ ಹೊತ್ತಿಗೇ, ಸ್ಥಳೀಯ ಪತ್ರಿಕೆಯಲ್ಲಿ ಇಂಥ ಮಾತು ಅಚ್ಚಾಗಿತ್ತು. ಆಕೆ ಪತ್ರಿಕೆಯವರಿಗೆ ಉತ್ತರ ಕೊಡಲಿಲ್ಲ. ಮನೆ ಸುತ್ತ ಎತ್ತರದ ಗಿಡಬೇಲಿ ಬೆಳೆಸಿ ಒಳಗೆ ಇದ್ದುಬಿಟ್ಟಳು. ಮಾತಾಡದವರ ಬಗ್ಗೆ ಊರು ತಾನೇ ಮಾತಾಡುತ್ತದೆ.

13ರ ವಿಷಯ. ಅವುಗಳಲ್ಲಿ ಕೆಲವು ಆಕೆ ಸತ್ತ ಮೇಲೆ, ಮನೆ ಪ್ರದರ್ಶನಕ್ಕೆ ತೆರೆದ ಮೇಲೆ ಸೇರಿದವು ಅಂತ ಇತಿಹಾಸ ಬಲ್ಲವರು ಹೇಳುತ್ತಾರೆ. ಇಲ್ಲಿ ಒಂದು ತಾರೀಖು ನೆನಪಿಡಿ. ಆಕೆ ತೀರಿಕೊಂಡದ್ದು 1922ರ ಸೆಪ್ಟೆಂಬರ್‌ನಲ್ಲಿ. ಮನೆಗೆ ಟಿಕೆಟ್ ಇಟ್ಟು ಜನರನ್ನು ಬಿಟ್ಟದ್ದು 1923ರಲ್ಲಿ. ವರ್ಷ ಕೂಡ ಆಗಿರಲಿಲ್ಲ. ಮನೆಯನ್ನು ಬಾಡಿಗೆಗೆ ಹಿಡಿದ ಬ್ರೌನ್ ದಂಪತಿ ಮನರಂಜನೆ ಪಾರ್ಕುಗಳ ವ್ಯವಹಾರ ಬಲ್ಲವರು. ಮರುವರ್ಷ ಜಾದೂಗಾರ ಹೂಡಿನಿ ಬಂದು ನೋಡಿ ಹೋದ. ಅಲ್ಲಿಂದ ಮುಂದೆ ಕಥೆಗೆ ರೆಕ್ಕೆ ಬಂತು.

ದಾವಣಗೆರೆ ಇಂಜಿನಿಯರ್

ನಾನು ಕಟ್ಟಡದ ಕೆಲಸದವನು. ನನ್ನ ಕಣ್ಣಿಗೆ ಆ ಮನೆ ದೊಡ್ಡ ಪಾಠಶಾಲೆ.

ಮೇಡಂ ಬರೆಯದೆ ಬಿಟ್ಟ ಒಂದು ದಿನ ಇದೆ: 1906ರ ಏಪ್ರಿಲ್ 18. ಬೆಳಗಿನ ಜಾವ ಐದು ದಾಟಿತ್ತು. ಸ್ಯಾನ್ ಫ್ರಾನ್ಸಿಸ್ಕೋವನ್ನು ನೆಲಸಮ ಮಾಡಿದ ಆ ಭೂಕಂಪಕ್ಕೆ ಮೊದಲು ಈ ಮನೆಗೆ ಏಳು ಅಂತಸ್ತಿನ ಗೋಪುರ ಇತ್ತು. ಅದು ಕುಸಿಯಿತು. ಮೇಲಿನ ಅಂತಸ್ತುಗಳು ಹಾಳಾದವು. ಸಾರಾ ಮಲಗಿದ್ದ ಕೋಣೆಯ ಬಾಗಿಲು ಸಿಕ್ಕಿಕೊಂಡು, ಕೆಲಸದವರು ಬಂದು ಬಿಡಿಸಬೇಕಾಯಿತಂತೆ. ಆಮೇಲೆ ಆಕೆ ಬಿದ್ದದ್ದನ್ನು ತೆಗೆಸಿದಳು, ಆದರೆ ಮತ್ತೆ ಮೊದಲಿನಂತೆ ಕಟ್ಟಿಸಲಿಲ್ಲ. ಮನೆಯ ಮುಂಭಾಗದ ಎಷ್ಟೋ ಕೋಣೆಗಳಿಗೆ ಹಲಗೆ ಹೊಡೆಸಿ ಮುಚ್ಚಿಸಿದಳು. ಹೆಚ್ಚಿನ ದಿನಗಳನ್ನು ಉತ್ತರಕ್ಕಿರುವ ಆಥರ್‌ಟನ್‌ನ ಇನ್ನೊಂದು ಮನೆಯಲ್ಲಿ ಕಳೆದಳು.

ಈಗ ಯೋಚನೆ ಮಾಡಿ. ಮೇಲಿದ್ದ ಅಂತಸ್ತು ಹೋದರೆ ಅದಕ್ಕೆ ಹೋಗುತ್ತಿದ್ದ ಮೆಟ್ಟಿಲು ಎಲ್ಲಿಗೆ ಹೋಗುತ್ತದೆ? ಛಾವಣಿಗೆ. ಹೊರಗಿದ್ದ ಬಾಲ್ಕನಿ ಬಿದ್ದರೆ ಬಾಗಿಲು ಯಾವ ಕಡೆಗೆ ತೆರೆಯುತ್ತದೆ? ಬಯಲಿಗೆ. ಎಲ್ಲಾ ವಿಚಿತ್ರಕ್ಕೂ ಇದೇ ಕಾರಣ ಅಂತ ನಾನು ಹೇಳುವುದಿಲ್ಲ. ವಾಸ್ತುಶಿಲ್ಪಿಯ ನಕ್ಷೆ ಇಲ್ಲದೆ, ಮನಸ್ಸಿಗೆ ಬಂದ ಹಾಗೆ ಸೇರಿಸುತ್ತ ಹೋದ ಮನೆಯಲ್ಲಿ ಹಳೆಯ ಕಿಟಕಿ ಹೊಸ ಕೋಣೆಯ ಒಳಗೋಡೆಯಲ್ಲಿ ಉಳಿದುಬಿಡುವುದು ಸಹಜ. ನಮ್ಮೂರಲ್ಲಿ ಅಣ್ಣತಮ್ಮಂದಿರು ಪಾಲಾದ ಮನೆಗಳಲ್ಲಿ ಇದನ್ನು ಎಷ್ಟು ಸಲ ನೋಡಿಲ್ಲ!

ಇಷ್ಟಾದರೂ ಮನೆ ನಿಂತಿತು. ತೇಲುವ ಪಾಯ ಅನ್ನುತ್ತಾರೆ. ಕಟ್ಟಡವನ್ನು ಪಾಯಕ್ಕೆ ಬಿಗಿಯಾಗಿ ಕಚ್ಚಿಸದೆ ಬಿಟ್ಟದ್ದರಿಂದ ನೆಲ ಅಲುಗಿದಾಗ ಮನೆಗೂ ಸ್ವಲ್ಪ ಸರಿದಾಡುವ ಅವಕಾಶ ಸಿಕ್ಕಿತು. ಹೆಚ್ಚಿನ ಭಾಗ ರೆಡ್‌ವುಡ್ ಮರದ್ದು. ಮರ ಬಾಗುತ್ತದೆ, ಇಟ್ಟಿಗೆಯಂತೆ ಬಿರಿಯುವುದಿಲ್ಲ.

ಗಿಡಗಳ ಕೋಣೆಯನ್ನು ಗಮನಿಸಿ. ಅಲ್ಲಿ ನೆಲದ ಹಲಗೆ ಎತ್ತಬಹುದು. ಕೆಳಗೆ ಸತುವಿನ ತಗಡು ಹಾಸಿದೆ. ಗಿಡಕ್ಕೆ ಹಾಕಿದ ನೀರು ಪೋಲಾಗದೆ ಹರಿದು ಹೊರಗಿನ ತೋಟಕ್ಕೆ ಹೋಗುತ್ತಿತ್ತು. ಗೋಡೆಯೊಳಗೆ ಉಣ್ಣೆ ತುಂಬಿ ಚಳಿ ತಡೆದಿದ್ದರು. ಲಿಫ್ಟ್ ಇತ್ತು. ಯಾವ ಕೋಣೆಯಿಂದ ಕರೆ ಬಂತು ಅಂತ ಕೆಲಸದವರಿಗೆ ತೋರಿಸುವ ಗಂಟೆ ಹಲಗೆ ಇತ್ತು. ನೂರು ವರ್ಷದ ಹಿಂದೆ ಒಬ್ಬ ಹೆಂಗಸು ಇಷ್ಟು ಯೋಚಿಸಿ ಮಾಡಿಸಿದಳು. ಇದನ್ನು ಗೈಡ್ ಒಂದೇ ಉಸಿರಲ್ಲಿ ಮುಗಿಸಿ ಸಾರಾ ಸತ್ತವರ ಜೊತೆ ಮಾತಾಡುತ್ತಿದ್ದಳಂತೆ ಅನ್ನುವ ಕೋಣೆಗೆ ಓಡಿದಾಗ ನನಗೆ ತಡೆಯಲಾಗಲಿಲ್ಲ. ಹಿಂದೆ ಉಳಿದು ಆ ಹಲಗೆಗಳನ್ನು ನೋಡುತ್ತ ನಿಂತೆ. ಗೈಡ್ ಬಂದು ಕರೆದುಕೊಂಡು ಹೋದರು, ಅಲ್ಲಿ ಒಬ್ಬರನ್ನೇ ಬಿಡುವುದಿಲ್ಲ.

ಫ್ರೀಮಾಂಟ್ ನಿವಾಸಿ

ನನ್ನ ಅನುಭವ ಬೇರೆ, ಬರೆಯುತ್ತೇನೆ. ನಾನು ಹೋದದ್ದು ಟಾರ್ಚ್ ಹಿಡಿದು ನಡೆಯುವ ರಾತ್ರಿ ಟೂರ್‌ಗೆ. ನೆಲಮಾಳಿಗೆಯಲ್ಲಿ ಕೈಗಾಡಿ ತಳ್ಳುವ ಮೀಸೆಯ ಕೆಲಸಗಾರನೊಬ್ಬ ಕಾಣಿಸುತ್ತಾನೆ ಅಂತ ಗೈಡ್‌ಗಳು ಹೇಳುತ್ತಾರೆ. ನನಗೆ ಅವನು ಕಾಣಿಸಲಿಲ್ಲ. ಆದರೆ ಸಾರಾ ಕೊನೆಯುಸಿರೆಳೆದ ಕೋಣೆಯಲ್ಲಿ ಎದೆ ಭಾರವಾಯಿತು. ಯಾರೋ ಬಾಗಿಲ ಹತ್ತಿರ ನಿಂತಿದ್ದಾರೆ ಅನ್ನಿಸಿತು. ತಿರುಗಿ ನೋಡಿದರೆ ಯಾರೂ ಇರಲಿಲ್ಲ. ಇದನ್ನು ಯಾರ ಮೇಲೂ ಹೇರುವುದಿಲ್ಲ. ನನಗೆ ಆದದ್ದು ಆಯಿತು.

ಭೌತಶಾಸ್ತ್ರದ ಮೇಷ್ಟ್ರು, ಧಾರವಾಡ

ನಿಮಗೆ ಹಾಗೆ ಆದದ್ದರಲ್ಲಿ ನನಗೆ ಸಂಶಯ ಇಲ್ಲ. ಯಾಕೆ ಆಗಬಹುದು ಅನ್ನುವುದಕ್ಕೆ ಒಂದು ವಿಷಯ ಹೇಳುತ್ತೇನೆ. ಇಂಗ್ಲೆಂಡಿನಲ್ಲಿ ವಿಕ್ ಟ್ಯಾಂಡಿ ಎಂಬ ಇಂಜಿನಿಯರ್ ಕೆಲಸ ಮಾಡುತ್ತಿದ್ದ ಪ್ರಯೋಗಾಲಯದಲ್ಲಿ ಜನರಿಗೆ ಮೈ ಜುಮ್ಮೆನ್ನುತ್ತಿತ್ತು, ಕಣ್ಣಂಚಿನಲ್ಲಿ ಬೂದು ಬಣ್ಣದ ಆಕೃತಿ ಕಂಡಂತಾಗುತ್ತಿತ್ತು. ಹುಡುಕಿದರೆ, ಒಂದು ಫ್ಯಾನ್ ಸುಮಾರು 19 ಹರ್ಟ್ಸ್‌ನ ಅಲೆ ಎಬ್ಬಿಸುತ್ತಿತ್ತು. ನಮ್ಮ ಕಿವಿಗೆ ಕೇಳದಷ್ಟು ತಗ್ಗಿನ ಧ್ವನಿ ಅದು. ಫ್ಯಾನ್ ಸರಿಮಾಡಿದ ಮೇಲೆ ಆ ಅನುಭವ ಹೋಯಿತು. 1998ರಲ್ಲಿ ಆತ ಇದನ್ನು ಪ್ರಕಟಿಸಿದ. ಆಮೇಲಿನ ಪ್ರಯೋಗಗಳಲ್ಲಿ ಎಲ್ಲ ಕಡೆಯೂ ಇದೇ ಫಲಿತಾಂಶ ಬಂದಿಲ್ಲ ಅನ್ನುವುದನ್ನೂ ಸೇರಿಸಿ ಹೇಳಬೇಕು.

ಇನ್ನೊಂದು ಸರಳ ವಿಷಯ. ಹಗಲು ಬಿಸಿಲಿಗೆ ಹಿಗ್ಗಿದ ಮರ ರಾತ್ರಿ ತಂಪಿಗೆ ಕುಗ್ಗುತ್ತದೆ. ಇಡೀ ಮನೆ ಟಕಟಕ ಅನ್ನುತ್ತದೆ. ಮೊದಲೇ ಕಥೆ ಕೇಳಿ ಕತ್ತಲಲ್ಲಿ ನಿಂತವರಿಗೆ ಅದು ಹೆಜ್ಜೆ ಸಪ್ಪಳವೇ.

ಫ್ರೀಮಾಂಟ್ ನಿವಾಸಿ

ಸರ್, ವಿವರಣೆಗೆ ಧನ್ಯವಾದ. ಆ ಕೋಣೆಯಲ್ಲಿ ಫ್ಯಾನ್ ಇರಲಿಲ್ಲ, ಟಕಟಕ ಸದ್ದೂ ಕೇಳಲಿಲ್ಲ. ನನ್ನ ಅಮ್ಮ ತೀರಿಕೊಂಡು ಆಗ ವರ್ಷವಾಗಿರಲಿಲ್ಲ ಅನ್ನುವುದನ್ನು ಮೊದಲು ಬರೆಯಲಿಲ್ಲ. ಅದೂ ಒಂದು ಕಾರಣ ಇರಬಹುದು. ಇಲ್ಲದೆಯೂ ಇರಬಹುದು.

ಭೌತಶಾಸ್ತ್ರದ ಮೇಷ್ಟ್ರು, ಧಾರವಾಡ

ಕ್ಷಮಿಸಿ. ಅಂಥ ಹೊತ್ತಲ್ಲಿ ಫ್ಯಾನಿನ ಮಾತು ಸಾಲದು, ಒಪ್ಪುತ್ತೇನೆ.

ಕಾರ್ಕಳದವ

ನಮ್ಮ ತುಳುನಾಡಿನ ಗುತ್ತಿನ ಮನೆಗಳಲ್ಲಿ ಬೆಳೆದವರಿಗೆ ಈ ಚರ್ಚೆ ಓದುವಾಗ ಒಂದು ವ್ಯತ್ಯಾಸ ಕಾಣುತ್ತದೆ. ನಮ್ಮಲ್ಲಿ ದೈವಕ್ಕೆ ಮನೆಯಲ್ಲೇ ಜಾಗ ಇದೆ. ಮಂಚವೋ ಉಯ್ಯಾಲೆಯೋ ಇರುತ್ತದೆ, ದೀಪ ಇಡುತ್ತಾರೆ, ವರ್ಷಕ್ಕೆ ಕೋಲ ನಡೆಯುತ್ತದೆ. ಅನ್ಯಾಯವಾಗಿ ಸತ್ತವರೇ ಎಷ್ಟೋ ಕಡೆ ದೈವವಾಗಿ ನಿಂತಿದ್ದಾರೆ. ಅವರ ಹೆಸರು ಎಲ್ಲರಿಗೂ ಗೊತ್ತು. ಅವರಿಗೆ ಏನು ಅನ್ಯಾಯವಾಯಿತು ಅಂತ ಪಾಡ್ದನ ಅನ್ನುವ ಹಾಡುಕಥೆಯಲ್ಲಿ ರಾತ್ರಿಯಿಡೀ ಹೇಳುತ್ತಾರೆ.

ವಿಂಚೆಸ್ಟರ್ ಮನೆಯ ಕಥೆಯಲ್ಲಿ ಬಂದೂಕಿನಿಂದ ಸತ್ತವರು ಸಾವಿರಾರು ಮಂದಿ ಅನ್ನುತ್ತಾರೆ. ಟೂರ್‌ನಲ್ಲಿ ಅವರಲ್ಲಿ ಒಬ್ಬರ ಹೆಸರೂ ನನಗೆ ಕೇಳಲಿಲ್ಲ. ಯಾವ ಬುಡಕಟ್ಟು, ಯಾವ ಊರು, ಏನೂ ಇಲ್ಲ. ಬರೀ ಹೆದರಿಸಲು ಒಂದು ಗುಂಪು. ನನಗೆ ಆ ಮನೆಯಲ್ಲಿ ಚುಚ್ಚಿದ್ದು ಇದು.

ಸಾಗರದ ಶಾರದಾಸುತ

ಕಾರ್ಕಳದವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. 1873ರ ಮಾದರಿಯ ವಿಂಚೆಸ್ಟರ್ ಬಂದೂಕನ್ನು ಪಶ್ಚಿಮವನ್ನು ಗೆದ್ದ ಬಂದೂಕು ಅಂತ ಅಮೆರಿಕದವರು ಇಂದಿಗೂ ಹೊಗಳುತ್ತಾರೆ. ಗೆದ್ದರು ಅಂದರೆ ಅಲ್ಲಿ ಮೊದಲಿಂದ ಇದ್ದವರು ಸೋತರು, ನೆಲ ಕಳೆದುಕೊಂಡರು. ಕಂಪನಿ ಕಟ್ಟಿದವರು ಸಾರಾಳ ಮಾವ ಆಲಿವರ್. ಕಂಪನಿಗೆ ವಿಂಚೆಸ್ಟರ್ ಹೆಸರು ಬಂದದ್ದು 1866ರಲ್ಲಿ, ಆನಿ ಹುಟ್ಟಿ ಸತ್ತ ವರ್ಷವೇ. ಮಾರಿದವರು, ಕೊಂಡವರು, ಗುಂಡು ಹೊಡೆದವರು ಎಲ್ಲರೂ ಗಂಡಸರು. ಪಾಪದ ಭಾರ ಮಾತ್ರ ವಿಧವೆ ಸೊಸೆಯ ತಲೆ ಮೇಲೆ! ಮಾವನನ್ನು ಯಾವ ದೆವ್ವವೂ ಕಾಡಿದ ಕಥೆ ಇಲ್ಲ, ಗಮನಿಸಿದಿರಾ?

ಶಿವಮೊಗ್ಗದ ಟೀಚರ್

ಸಾಗರದವರು ನನ್ನ ಮನಸ್ಸಿನ ಮಾತು ಬರೆದರು. ನಾನು ಅಮೆರಿಕ ನೋಡಿಲ್ಲ. ಆದರೆ ಈ ಕಥೆ ನನಗೆ ಹೊಸದಲ್ಲ. ನಮ್ಮ ಬೀದಿಯಲ್ಲಿ ಮಕ್ಕಳಿಲ್ಲದ ವಿಧವೆ ಒಬ್ಬರು ದೊಡ್ಡ ಹಳೆಯ ಮನೆಯಲ್ಲಿ ಒಂಟಿಯಾಗಿದ್ದರು. ಸಂಜೆ ದೀಪ ಹಾಕುವುದು ತಡವಾದರೆ ಸಾಕು, ಆ ಮನೆಯಲ್ಲಿ ಏನೋ ಇದೆ ಅಂತ ಮಕ್ಕಳು ಓಡುತ್ತಿದ್ದರು. ದೊಡ್ಡವರೂ ಅವರನ್ನು ತಡೆಯುತ್ತಿರಲಿಲ್ಲ. ಅವರಿಗೆ ರಾತ್ರಿ ಕಣ್ಣು ಕಾಣುತ್ತಿರಲಿಲ್ಲ, ಅಷ್ಟೇ.

ದುಡ್ಡಿದ್ದು, ಗಂಡ ಇಲ್ಲದೆ, ಯಾರ ಅಪ್ಪಣೆಯನ್ನೂ ಕೇಳದೆ ತನ್ನಿಷ್ಟದಂತೆ ಬದುಕುವ ಹೆಂಗಸಿಗೆ ಯಾವ ದೇಶವಾದರೂ ಒಂದೋ ಹುಚ್ಚು ಅನ್ನುತ್ತದೆ, ಇಲ್ಲ ದೆವ್ವ ಅನ್ನುತ್ತದೆ. ನಮ್ಮ ಹುಡುಗಿಯರು ಇದನ್ನು ಅರ್ಥ ಮಾಡಿಕೊಳ್ಳಬೇಕು ಅಂತ ನನಗೆ ತುಂಬಾ ಆಸೆ. ಕನ್ನಡತಿ ಅವರೇ, ಸಾರಾ ತನ್ನ ದುಡ್ಡನ್ನು ಮನೆಗೆ ಮಾತ್ರ ಸುರಿದಳಾ?

ಕ್ಯುಪರ್ಟಿನೋ ಕನ್ನಡತಿ

ಟೀಚರ್, ಈ ಪ್ರಶ್ನೆ ಟೂರ್‌ನಲ್ಲಿ ಜಾಸ್ತಿ ಜನ ಕೇಳಬೇಕು. ಗಂಡ ಕ್ಷಯದಿಂದ ಸತ್ತದ್ದನ್ನು ಆಕೆ ಮರೆಯಲಿಲ್ಲ. ತನ್ನ ಊರು ಕನೆಕ್ಟಿಕಟ್‌ನ ನ್ಯೂ ಹೇವನ್ ಕಡೆ ಕ್ಷಯರೋಗಿಗಳಿಗಾಗಿ ಆಸ್ಪತ್ರೆ ಕಟ್ಟಲು ದೊಡ್ಡ ಮೊತ್ತ ಕೊಟ್ಟಳು, ಗಂಡನ ಹೆಸರಿನಲ್ಲಿ. ಅಲ್ಲಿನ ಶ್ವಾಸಕೋಶದ ಚಿಕಿತ್ಸಾಲಯ ವಿಂಚೆಸ್ಟರ್ ಹೆಸರನ್ನು ಈಗಲೂ ಉಳಿಸಿಕೊಂಡಿದೆ. ಆಗ ಕ್ಷಯಕ್ಕೆ ಔಷಧಿ ಇರಲಿಲ್ಲ. ಗಾಳಿ, ಬೆಳಕು, ಆರೈಕೆ ಇಷ್ಟೇ ದಾರಿ. ಆಕೆಯ ನಿಜವಾದ ಸ್ಮಾರಕ ಆ ಆಸ್ಪತ್ರೆ ಅಂತ ನನ್ನ ಅಭಿಪ್ರಾಯ. ಅದನ್ನು ನೋಡಲು ಯಾರೂ ಟಿಕೆಟ್ ಕೊಳ್ಳುವುದಿಲ್ಲ.

ಈ ಮನೆ ಆಗ ದೊಡ್ಡ ತೋಟವೂ ಹೌದು. 160 ಎಕರೆಯ ಆಸುಪಾಸು. ಏಪ್ರಿಕಾಟ್, ಪ್ಲಮ್, ವಾಲ್‌ನಟ್ ಬೆಳೆಯುತ್ತಿದ್ದರು, ಹಣ್ಣು ಒಣಗಿಸಿ ಮಾರುತ್ತಿದ್ದರು. ಇಂದು ನಾವು ಕಾರಿನಲ್ಲಿ ಹೋಗುವ, ಕೆಲಸ ಮಾಡುವ ಈ ಸಿಲಿಕಾನ್ ಕಣಿವೆಯೆಲ್ಲ ಆಗ ಹಣ್ಣಿನ ತೋಟಗಳೇ.

ಮಂಡ್ಯದ ಹುಡುಗ

ಒಂದು ಮಾತು ಹೇಳಲೇ? ದೆವ್ವದ ಕಥೆ ಇಲ್ಲದಿದ್ದರೆ ಈ ಮನೆ ಉಳಿಯುತ್ತಿತ್ತಾ? ಉಯಿಲಿನಲ್ಲಿ ಮನೆಯ ಹೆಸರೇ ಇರಲಿಲ್ಲ ಅಂತ ಗೈಡ್ ಹೇಳಿದಳು. ಬೆಲೆ ಕಟ್ಟಿದವರು ಇದು ಯಾವ ಕೆಲಸಕ್ಕೂ ಬಾರದು ಅಂದಿದ್ದರಂತೆ. ಪಕ್ಕದಲ್ಲೇ ಈಗ ಅಷ್ಟು ದೊಡ್ಡ ಶಾಪಿಂಗ್ ಬೀದಿ ಇದೆ. ಕಥೆ ಇಲ್ಲದಿದ್ದರೆ ಇಲ್ಲೂ ಅಪಾರ್ಟ್‌ಮೆಂಟ್ ಎದ್ದಿರುತ್ತಿತ್ತು. ಬೆಂಗಳೂರಿನಲ್ಲಿ ಎಷ್ಟು ಬಂಗಲೆ ಹೋದವು, ನೋಡಿದ್ದೇವಲ್ವಾ? 1974ರಲ್ಲಿ ಇದು ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿತು. ಅಲ್ಲಿಯವರೆಗೆ ಮನೆಯನ್ನು ಕಾಪಾಡಿದ್ದು ಟಿಕೆಟ್ ದುಡ್ಡೇ.

ದಾವಣಗೆರೆ ಇಂಜಿನಿಯರ್

ನಿಮ್ಮ ಮಾತಿನಲ್ಲಿ ನಿಜ ಇದೆ. ಅಷ್ಟು ದೊಡ್ಡ ಮರದ ಮನೆಗೆ ಬಣ್ಣ ಹೊಡೆಯುವುದೇ ಮುಗಿಯದ ಕೆಲಸ. ಒಂದು ತುದಿ ಮುಗಿಯುವಷ್ಟರಲ್ಲಿ ಇನ್ನೊಂದು ತುದಿ ಮಾಸಿರುತ್ತದೆ. ದುಡ್ಡು ಎಲ್ಲಿಂದಲೋ ಬರಲೇಬೇಕು. ನನ್ನ ಬೇಡಿಕೆ ಇಷ್ಟೇ. ದೆವ್ವದ ಕಥೆ ಹೇಳಲಿ, ಹೀಗೆ ಜನ ಹೇಳುತ್ತಿದ್ದರು ಅಂತ ಹೇಳಲಿ. ಜೊತೆಗೆ ಭೂಕಂಪವನ್ನೂ ಸಂಧಿವಾತವನ್ನೂ ಅಷ್ಟೇ ಗಟ್ಟಿಯಾಗಿ ಹೇಳಲಿ. ಈಚೆಗೆ ಕೆಲವು ಗೈಡ್‌ಗಳು ಹಾಗೆ ಹೇಳುತ್ತಿದ್ದಾರೆ, ಕೇಳಿ ಖುಷಿಯಾಯಿತು.

ಮಿಲ್ಪಿಟಸ್ ಸೊಸೆ

ಎಲ್ಲರಿಗೂ ಥ್ಯಾಂಕ್ಸ್. ನಾನು ಕೇಳಬೇಕಿದ್ದದ್ದು ಅಡುಗೆಮನೆಯ ಮಟ್ಟದ ಪ್ರಶ್ನೆ. ನಮ್ಮ ಅತ್ತೆಗೆ ಮಂಡಿ ಆಪರೇಷನ್ ಆಗಿದೆ. ಮಗ ಎಂಟು ವರ್ಷದವನು, ರಾತ್ರಿ ಹೆದರಿಕೊಳ್ಳುತ್ತಾನೆ. ಕರೆದುಕೊಂಡು ಹೋಗಲಾ ಬೇಡವಾ?

ಕ್ಯುಪರ್ಟಿನೋ ಕನ್ನಡತಿ

ಹಗಲಿನ ಸಾಮಾನ್ಯ ಟೂರ್‌ಗೆ ಮಗನನ್ನು ಧೈರ್ಯವಾಗಿ ಕರೆದುಕೊಂಡು ಹೋಗಿ. ಯಾರೂ ಮೈಮೇಲೆ ಹಾರಿ ಹೆದರಿಸುವುದಿಲ್ಲ. ಅಕ್ಟೋಬರ್‌ನ ಹ್ಯಾಲೋವೀನ್ ಕಾರ್ಯಕ್ರಮ, ಟಾರ್ಚ್ ಟೂರ್ ಮಾತ್ರ ಬೇಡ. 13ನೇ ತಾರೀಖು ಶುಕ್ರವಾರ ಬಂದ ದಿನ ಮಧ್ಯಾಹ್ನ ಒಂದು ಗಂಟೆಗೆ, ಅಂದರೆ 13ನೇ ಗಂಟೆಗೆ, 13 ಸಲ ಗಂಟೆ ಹೊಡೆಯುವ ಪದ್ಧತಿ ಇದೆ. ಆ ದಿನ ಗಲಾಟೆ ಜಾಸ್ತಿ.

ಅತ್ತೆಯವರ ವಿಷಯದಲ್ಲಿ ಯೋಚಿಸಿ. ಟೂರ್ ಒಂದು ಗಂಟೆಯ ಮೇಲೆ ಹಿಡಿಯುತ್ತದೆ. ನೂರಕ್ಕೂ ಹೆಚ್ಚು ಕೋಣೆ ಸುತ್ತಿಸುತ್ತಾರೆ. ಆ ಗಿಡ್ಡ ಮೆಟ್ಟಿಲು ಒಂದೆರಡು ಕಡೆ ಮಾತ್ರ, ಉಳಿದವು ಸಾಮಾನ್ಯ ಮೆಟ್ಟಿಲೇ, ಕೆಲವು ಕಡಿದಾಗಿವೆ. ಓಣಿಗಳು ಇಕ್ಕಟ್ಟು. ಗಾಲಿಕುರ್ಚಿ ಒಳಗೆ ಹೆಚ್ಚು ದೂರ ಹೋಗುವುದಿಲ್ಲ. ಮಧ್ಯದಲ್ಲಿ ಸಾಕು ಅನ್ನಿಸಿದರೆ ಸುಲಭವಾಗಿ ಹೊರಬರಲೂ ಆಗುವುದಿಲ್ಲ, ದಾರಿಯೇ ಗೊತ್ತಾಗುವುದಿಲ್ಲ. ಅತ್ತೆಯವರಿಗೆ ಹೊರಗಿನ ತೋಟ ತೋರಿಸಿ, ಯಾರಾದರೂ ಒಬ್ಬರು ಜೊತೆಗಿರಲಿ. ಬೇಸಿಗೆಯಲ್ಲಿ ಒಳಗೆ ಸೆಕೆ. ಬೆಳಗಿನ ಮೊದಲ ಟೂರ್‌ಗೆ ಟಿಕೆಟ್ ಮೊದಲೇ ತೆಗೆದಿಡಿ.

ಮಗನಿಗೆ ಒಂದು ಕೆಲಸ ಕೊಡಿ. ಆ ಗಿಡ್ಡ ಮೆಟ್ಟಿಲನ್ನು ಎಣಿಸುತ್ತ ಹತ್ತಲಿ, ತಿರುವುಗಳನ್ನು ಬೆರಳಲ್ಲಿ ಲೆಕ್ಕ ಇಡಲಿ. ನೀವು ಗೈಡ್‌ಗೆ ಎರಡು ಪ್ರಶ್ನೆ ಕೇಳಿ: 1906ಕ್ಕೆ ಮೊದಲು ಈ ಬಾಗಿಲಾಚೆ ಏನಿತ್ತು, ತೋಟ ನೋಡಿಕೊಳ್ಳುತ್ತಿದ್ದ ಜಪಾನಿ ಕುಟುಂಬದವರು ಎಲ್ಲಿ ಇದ್ದರು. ನನಗೆ ಸಿಕ್ಕ ಗೈಡ್ ಎರಡನೇ ಪ್ರಶ್ನೆಗೆ ನಿಂತು ತುಂಬಾ ಹೊತ್ತು ಉತ್ತರ ಹೇಳಿದರು. ನಿಮಗೆ ಏನು ಹೇಳಿದರು ಅಂತ ಇಲ್ಲಿ ಬರೆಯಿರಿ.